ಬೋಣಿ ಕಣ್ಣು

ವೀಳ್ಯದೆಲೆಯ ಸಣ್ಣಸ್ವಾಮಿಯನ್ನು ಯಾರಾದರೂ ಹೇಡಿ ಎಂದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಹಾಗೆ ಅಂದವರಲ್ಲಿ ಮುಕ್ಕಾಲು ಪಾಲು ಜನ ಅವನ ಮೊಮ್ಮಗುವಿನ ಕಣ್ಣಿಗೆ ಕಾಸು ಒತ್ತಿ ಲಾಭ ಮಾಡಿಕೊಂಡವರೇ. ಅವರ ಬಾಯಿಗೆ ಹೊಲಿಗೆ ಹಾಕುವುದು ನನ್ನ ಕೈಲಾಗದ ಕೆಲಸ. ನಾನು ಬಟ್ಟೆ ಹೊಲಿಯುವ ದರ್ಜಿ ಕೃಷ್ಣಪ್ಪ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆಂದು ಮನೆಯವಳು ಹೇಳುತ್ತಾಳೆ, ಹೇಳಿಕೊಳ್ಳಲಿ. ಸಣ್ಣಸ್ವಾಮಿ ಎಂಥ ಮನುಷ್ಯ, ಅವನಿಗೆ ಏನಾಯಿತು ಎಂಬುದನ್ನು ಕಣ್ಣಾರೆ ಕಂಡವನು ನಾನು. ಅದನ್ನು ಹೇಳಿಯೇ ತೀರುತ್ತೇನೆ.

ಆಗ ಕೊಡಗು ತನ್ನದೇ ಒಂದು ರಾಜ್ಯ. ಮೈಸೂರಿಗೆ ಹೋಗುವುದೆಂದರೆ ಬೇರೆ ಸರ್ಕಾರದ ಸೀಮೆಗೆ ಕಾಲಿಟ್ಟ ಹಾಗೆ. ಶನಿವಾರಸಂತೆಯ ಮೈದಾನದ ಮಗ್ಗುಲಲ್ಲಿ ಹೆಂಚಿನ ಸಾಲುಮನೆಗಳಿದ್ದವು, ಅದರಲ್ಲೊಂದರ ಜಗಲಿಯ ಮೇಲೆ ನನ್ನ ಹೊಲಿಗೆ ಯಂತ್ರ. ಶನಿವಾರ ಬೆಳಕು ಹರಿಯುವಷ್ಟರಲ್ಲಿ ಹಾಸನದ ಕಡೆಯಿಂದ ಈರುಳ್ಳಿ, ಒಣಮೆಣಸಿನಕಾಯಿ, ಬೆಲ್ಲದ ಗಾಡಿಗಳು ಬರುತ್ತಿದ್ದವು. ನನ್ನ ಜಗಲಿಯ ಎದುರಿಗೆ ಹಲಸಿನ ಮರದ ಕೆಳಗೆ ಸಣ್ಣಸ್ವಾಮಿಯ ವೀಳ್ಯದೆಲೆ. ಅವನ ಒಂದು ಪಕ್ಕಕ್ಕೆ ಬೆಲ್ಲದ ಕಾಮಾಕ್ಷಮ್ಮ, ಇನ್ನೊಂದು ಪಕ್ಕಕ್ಕೆ ಒಣಮೀನಿನ ಮೊಯ್ದು. ಮೀನಿನ ವಾಸನೆ ಬೆಲ್ಲಕ್ಕೆ ಹತ್ತುತ್ತದೆಂದು ಆ ಇಬ್ಬರಿಗೂ ಪ್ರತಿ ವಾರ ಜಗಳ, ನಡುವೆ ಕೂತ ಸಣ್ಣಸ್ವಾಮಿಗೆ ಎರಡೂ ಕಡೆಯ ಬೈಗುಳ.

ಅವನ ಮೂಲ ಅರಕಲಗೂಡಿನ ಆಚೆಯ ಒಂದು ಹಳ್ಳಿ. ಚಿಕ್ಕವನಾಗಿದ್ದಾಗ ತಂದೆಯ ಹಿಂದೆ ಎಲೆಬುಟ್ಟಿ ಹೊತ್ತು ಬಂದವನು ಇಲ್ಲೇ ನಿಂತುಬಿಟ್ಟ. ಮಾತು ಕಮ್ಮಿ. ಎಲೆಗೆ ನೀರು ಚಿಮುಕಿಸುವಾಗ ಮಾತ್ರ ಎಲೆಯ ಜೊತೆಗೇ ಮಾತಾಡುತ್ತಿದ್ದ. "ಏಳವ್ವ, ಏಳು, ಗಿರಾಕಿ ಬರೋ ಹೊತ್ತಾಯ್ತು" ಎನ್ನುವನು. ಮೇಲೆ ಹಸಿರೆಲೆ ಇಟ್ಟು ಒಳಗೆ ಕೊಳೆತದ್ದು ತುರುಕುವ ವಿದ್ಯೆ ಅವನಿಗೆ ಬರಲೇ ಇಲ್ಲ. ಗಿರಾಕಿ ದನಿ ಎತ್ತಿದರೆ ಸಾಕು, "ಆಯ್ತು ಬುಡಪ್ಪ, ನಿಂದೇ ಸರಿ" ಎಂದು ಕಟ್ಟಿಗೆ ಇನ್ನೆರಡು ಎಲೆ ಸೇರಿಸಿ ಕಳಿಸುತ್ತಿದ್ದ. ಯಾರಿಗೂ ಇಲ್ಲ ಎನ್ನಲು ಬಾರದ ಮನುಷ್ಯ. ಅದೇ ಗುಣ ಮುಂದೆ ಅವನ ಕೊರಳಿಗೆ ಉರುಳಾಯಿತು.

ಹೆಂಡತಿ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಒಬ್ಬಳೇ ಮಗಳು ಚಲುವಮ್ಮ. ಅವಳ ಗಂಡ ಏಲಕ್ಕಿ ಮಲೆಯಲ್ಲಿ ಕೆಲಸಕ್ಕಿದ್ದವನು ಚಳಿಜ್ವರ ಬಂದು ಸತ್ತ. ಬಸುರಿ ಮಗಳು ಅಪ್ಪನ ಮನೆಗೆ ವಾಪಸು ಬಂದಳು, ಇಲ್ಲೇ ಹೆತ್ತಳು. ಹೆಣ್ಣು ಮಗು. ಚಿನ್ನ ಎಂದು ಕರೆದರು. ಸಣ್ಣಸ್ವಾಮಿ ಆ ಮಗುವನ್ನು ಎಲೆಬುಟ್ಟಿಯ ಪಕ್ಕದಲ್ಲೇ ಗೋಣಿಚೀಲ ಹಾಸಿ ಮಲಗಿಸಿಕೊಂಡು ವ್ಯಾಪಾರ ಮಾಡುತ್ತಿದ್ದ. ಎಲೆಗೆ ನೀರು ಚಿಮುಕಿಸುವಾಗ ಮಗುವಿನ ಮುಖಕ್ಕೂ ಒಂದೆರಡು ಹನಿ ಬೀಳುವುದು, ಅದು ಕೇಕೆ ಹಾಕಿ ನಗುವುದು. ಅದನ್ನು ನೋಡಿದರೆ ನನ್ನಂಥ ಸಿಡುಕನಿಗೂ ನಗು ಬರುತ್ತಿತ್ತು.

ಮಗು ನಡೆಯಲು ಕಲಿಯುವ ಹೊತ್ತಿಗೆ ಅದರ ಎಡಗಣ್ಣು ಸ್ವಲ್ಪ ಮೂಗಿನ ಕಡೆಗೆ ತಿರುಗಿದ್ದು ಕಾಣಿಸಿತು. ಮೆಳ್ಳೆಗಣ್ಣು. ನಮ್ಮ ಕಡೆ ಮೆಳ್ಳೆಗಣ್ಣಿನ ಹೆಣ್ಣು ಮಗು ಅದೃಷ್ಟ ಹೊತ್ತು ತರುತ್ತದೆ ಎನ್ನುತ್ತಾರೆ. ಸಣ್ಣಸ್ವಾಮಿ ಹಿಗ್ಗಿಹೋದ. ಹಿಗ್ಗಲಿ ಪಾಪ, ಅವನ ಬಾಳಿನಲ್ಲಿ ಹಿಗ್ಗುವಂಥದ್ದು ಇನ್ನೇನಿತ್ತು?

ಒಂದು ಶನಿವಾರ ಕಾಮಾಕ್ಷಮ್ಮನಿಗೆ ಬೋಣಿಯ ಕಾಸು ಬಂದ ಹೊತ್ತಿನಲ್ಲೇ ಈ ಮಗು ತಪ್ಪುಹೆಜ್ಜೆ ಇಡುತ್ತ ಹೋಗಿ ಅವಳ ತೊಡೆ ಹತ್ತಿತು. ಬೋಣಿಯ ಕಾಸನ್ನು ಕಣ್ಣಿಗೊತ್ತಿಕೊಂಡು ಚೀಲಕ್ಕೆ ಹಾಕುವುದು ಎಲ್ಲ ವ್ಯಾಪಾರದವರ ರೂಢಿಯಲ್ಲವೇ. ಕಾಮಾಕ್ಷಮ್ಮ ತಮಾಷೆಗೆ ಆ ಕಾಸನ್ನು ತನ್ನ ಕಣ್ಣಿಗೆ ಬದಲು ಮಗುವಿನ ಮೆಳ್ಳೆಗಣ್ಣಿಗೆ ಒತ್ತಿದಳು. ಅವತ್ತು ಅವಳ ಬೆಲ್ಲ ಮಧ್ಯಾಹ್ನದೊಳಗೆ ಖಾಲಿ. ಸೋಮವಾರಪೇಟೆಯ ಕಡೆ ಯಾವುದೋ ದೊಡ್ಡ ಮದುವೆಯಿತ್ತು, ಅದಕ್ಕೆ ಬೆಲ್ಲ ಹೋಯಿತು. ಮದುವೆಯ ಮಾತನ್ನು ಯಾರೂ ಆಡಲಿಲ್ಲ, ಕಣ್ಣಿನ ಮಾತನ್ನೇ ಎಲ್ಲರೂ ಆಡಿದರು.

ಮುಂದಿನ ವಾರದಿಂದ ಚಿನ್ನಳಿಗೆ ಸಂತೆಯ ತುಂಬ ಕೆಲಸ. ಬೋಣಿ ಆದವರೆಲ್ಲ "ಚಿನ್ನಾ" ಎಂದು ಕೂಗುವವರೇ. ಮೊಯ್ದು ಅವಳನ್ನು ಎತ್ತಿಕೊಂಡು, "ಮೋಳೇ, ಮಗಳೇ, ಬಾ ಬಾ, ನಿನ್ನ ಕಣ್ಣಿಗೆ ಒಂದ್ಸಲ ಮುಟ್ಟಿಸಿದ್ರೆ ನನ್ನ ಮೀನೆಲ್ಲ ಹೋಯ್ತು ನೋಡು" ಎನ್ನುವನು. ಅವಳಿಗೂ ಅದು ಆಟವಾಯಿತು. ಅಂಗಡಿಯ ಮುಂದೆ ಹೋಗಿ ನಿಲ್ಲುವಳು, ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚುವಳು, ತುಟಿ ಮುಂದೆ ಮಾಡಿ ಮುಖ ಮೇಲೆತ್ತುವಳು. ಕಾಸು ರೆಪ್ಪೆಗೆ ತಾಗಿದ ಕೂಡಲೇ "ತಣ್ಣಗೆ!" ಎಂದು ಕಿಲಕಿಲ ನಗುವಳು. ಕೈಗೊಂದು ಬೆಲ್ಲದ ಚೂರೋ ಕಡಲೆಪುರಿಯೋ ಸಿಕ್ಕುತ್ತಿತ್ತು.

ಆ ಕಾಸು ಎಂಥೆಂಥವರ ಕೈ, ಎಂಥೆಂಥವರ ಸೊಂಟ ದಾಟಿ ಬಂದಿರುತ್ತದೋ! "ಮಗೀನ ಕಣ್ಣಿಗೆ ಯಾಕೆ ಆ ಕೊಳಕು ಒತ್ತುತೀರಿ, ನಿಮ್ಮ ಕಣ್ಣೇನು ಗೆದ್ದಲು ತಿಂದಿದ್ದಾವಾ?" ಎಂದು ನಾನು ಜಗಲಿಯಿಂದಲೇ ಕೂಗುತ್ತಿದ್ದೆ. "ಟೈಲರಪ್ಪಂಗೆ ಬೋಣಿ ಆಗಿಲ್ಲ, ಅದಕ್ಕೇ ಉರಿ" ಎಂದು ಕಾಮಾಕ್ಷಮ್ಮ ನಗುತ್ತಿದ್ದಳು. ಸಂತೆಯೆಲ್ಲ ಅವಳ ಜೊತೆ ನಗುತ್ತಿತ್ತು.

ಚಿನ್ನಳಿಗೆ ಎರಡು ವರ್ಷ ದಾಟಿದ ಚಳಿಗಾಲ ಅದು. ಸಂಜೆ ಸಂತೆ ಚದುರುವ ಹೊತ್ತು, ಎಲ್ಲರೂ ಲಾಟೀನು ಹಚ್ಚಿ ಸಾಮಾನು ಕಟ್ಟುತ್ತಿದ್ದರು. ಚಲುವಮ್ಮ ಮಗುವನ್ನು ಎತ್ತಿಕೊಂಡು ಓಡಿ ನನ್ನ ಜಗಲಿಗೆ ಬಂದಳು.

"ಕೃಷ್ಣಪ್ಪಣ್ಣ, ಇಲ್ಲಿ ನೋಡಿ. ಮಗೀನ ಕಣ್ಣೊಳಗೆ ಏನೋ ಹೊಳೀತೈತೆ. ಬೆಕ್ಕಿನ ಕಣ್ಣು ಹೊಳೆದಂಗೆ."

ಲಾಟೀನನ್ನು ಎತ್ತಿ ಹಿಡಿದೆ. ಬಲಗಣ್ಣಿನ ಪಾಪೆ ಎಲ್ಲರ ಹಾಗೆ ಕಪ್ಪಗೆ ಇತ್ತು. ಎಡಗಣ್ಣಿನ ಪಾಪೆಯ ಒಳಗೆ, ಬಹಳ ಒಳಗೆ, ಬೆಳ್ಳಗೆ ಒಂದು ಹೊಳಪು. ಮುಖ ಒಂಚೂರು ಅತ್ತ ತಿರುಗಿಸಿದರೆ ಮಾಯ, ಇತ್ತ ತಿರುಗಿಸಿದರೆ ಮತ್ತೆ ಹಾಜರು.

ಅಷ್ಟರಲ್ಲಿ ಕಾಮಾಕ್ಷಮ್ಮ ಬಂದಳು, ಇನ್ನಿಬ್ಬರು ಬಂದರು. "ಅಯ್ಯೋ ನಮ್ಮವ್ವ! ಲಕ್ಷ್ಮೀನೇ ಒಳಗೆ ಕುಂತವ್ಳೆ" ಎಂದು ಕಾಮಾಕ್ಷಮ್ಮ ಕೈಮುಗಿದೇ ಬಿಟ್ಟಳು. ಸಣ್ಣಸ್ವಾಮಿಯೂ ಕೈಮುಗಿದ. ಚಲುವಮ್ಮ ಮಾತ್ರ ಮಗುವನ್ನು ಅವುಚಿಕೊಂಡು ನನ್ನ ಮುಖವನ್ನೇ ನೋಡುತ್ತ ನಿಂತಿದ್ದಳು.

ಮರುದಿನ ಮಗುವನ್ನು ನನ್ನ ತೊಡೆಯ ಮೇಲೆ ಕೂರಿಸಿಕೊಂಡೆ. ಅಂಗೈ ಮೇಲೆ ಒಂದು ಕೆಂಪು ಗುಂಡಿ ಇಟ್ಟು "ತಕ್ಕೋ" ಎಂದೆ. ತೆಗೆದುಕೊಂಡಳು. ಬಟ್ಟೆಯ ಚೂರಿನಿಂದ ಅವಳ ಎಡಗಣ್ಣು ಮುಚ್ಚಿ ಕೊಟ್ಟೆ, ಆಗಲೂ ತೆಗೆದುಕೊಂಡಳು. ಬಲಗಣ್ಣು ಮುಚ್ಚಿದೆ. ಈ ಸಲ ನನ್ನ ಮೊಣಕೈಯನ್ನು ತಡವಿದಳು, ಅಂಗಿಯನ್ನು ತಡವಿದಳು, "ಎಲ್ಲಿ? ಎಲ್ಲಿ?" ಎಂದಳು, ಆಮೇಲೆ ಬಟ್ಟೆಯನ್ನು ಕಿತ್ತುಹಾಕಿ ಅತ್ತಳು. ಸಣ್ಣಸ್ವಾಮಿ ಪಕ್ಕದಲ್ಲೇ ನಿಂತು ನೋಡುತ್ತಿದ್ದ.

"ಸಣ್ಣಸ್ವಾಮಣ್ಣ, ಆ ಕಣ್ಣು ಕಾಣ್ತಿಲ್ಲ ಕಣೋ. ಅದೃಷ್ಟಾನೂ ಇಲ್ಲ ಮಣ್ಣೂ ಇಲ್ಲ. ಡಾಕ್ಟರ ಹತ್ರ ಕರ್ಕೊಂಡು ಹೋಗು."

"ಮಕ್ಕಳಾಟ ಅದು. ನಿಂಗೆ ಯಾವಾಗ್ಲೂ ಕೆಟ್ಟದ್ದೇ ಕಾಣ್ತದೆ" ಎಂದು ಮಗುವನ್ನು ಎತ್ತಿಕೊಂಡು ಹೋದ. ಜೀವಮಾನದಲ್ಲಿ ಯಾರ ಮೇಲೂ ಸಿಟ್ಟಾಗದವನು ನನ್ನ ಜೊತೆ ಮಾತು ಬಿಟ್ಟ. ಹೆದರಿಕೆಯಿಂದ ಬಂದ ಸಿಟ್ಟು ಅದು. ಗೊತ್ತಿತ್ತು, ಆದರೂ ನನಗೆ ನೋವಾಯಿತು.

ಚಲುವಮ್ಮ ಅಪ್ಪನ ಬೆನ್ನು ಬಿಡಲಿಲ್ಲ. ಅವಳು ಜಗಳ ಮಾಡುವವಳಲ್ಲ, ಅಪ್ಪನ ಮಗಳೇ. ಊಟಕ್ಕೆ ಬಡಿಸುವಾಗ ಒಂದು ಸಲ, ಎಲೆ ಕಟ್ಟುವಾಗ ಒಂದು ಸಲ, "ಅಪ್ಪಯ್ಯ, ತೋರಿಸ್ಕೊಂಡು ಬರಾಣ" ಎನ್ನುತ್ತಲೇ ಇದ್ದಳು. ಯುಗಾದಿ ಕಳೆದ ಮೇಲೆ ಮಗು ನಡೆಯುವಾಗ ಎಡಗಡೆಯ ಕಲ್ಲು, ಕಂಬಕ್ಕೆಲ್ಲ ತಾಗಿಕೊಂಡು ಬೀಳತೊಡಗಿತು. ಆಗ ಸಣ್ಣಸ್ವಾಮಿ ನನ್ನ ಜಗಲಿಗೆ ಬಂದು ತಲೆ ತಗ್ಗಿಸಿ ನಿಂತ. "ನೀನೂ ಬಾ ಕೃಷ್ಣಪ್ಪ. ಓದಕ್ಕೆ ಬರೆಯಕ್ಕೆ ಬತ್ತದೆ ನಿಂಗೆ" ಎಂದ. ಯಂತ್ರಕ್ಕೆ ಬಟ್ಟೆ ಮುಚ್ಚಿ ಹೊರಟೆ.

ನಮ್ಮೂರ ಉತ್ತಯ್ಯ ಡಾಕ್ಟರು ಗಟ್ಟಿ ಮಾತಿನವರು, ಇಂಜೆಕ್ಷನ್ನಿಗಿಂತ ಅವರ ಗದರಿಕೆಗೇ ಜನ ಹೆದರುತ್ತಿದ್ದರು. ಬ್ಯಾಟರಿ ಬಿಟ್ಟು ಮಗುವಿನ ಕಣ್ಣು ನೋಡಿದವರು ಅವತ್ತು ಗದರಲಿಲ್ಲ. ಬ್ಯಾಟರಿ ಆರಿಸಿ ಮಗುವಿನ ತಲೆ ಸವರಿದರು. "ಮೈಸೂರಿಗೆ ಹೋಗಿ. ನಾಳೆಯೇ ಹೋಗಬೇಕು. ಅಲ್ಲಿಯ ಕಣ್ಣಿನ ಡಾಕ್ಟರು ಏನು ಹೇಳುತ್ತಾರೋ ಅದನ್ನು ಮಾಡಿ. ನಿಮ್ಮ ಸಂತೆಯವರ ಮಾತು ಕೇಳಬೇಡಿ" ಎಂದರು.

ಮೈಸೂರಿನ ಆಸ್ಪತ್ರೆಯಲ್ಲಿ ಮಗುವಿನ ಕಣ್ಣಿಗೆ ಔಷಧಿ ಬಿಟ್ಟು ಪಾಪೆ ಅಗಲ ಮಾಡಿ ನೋಡಿದರು. ಕಣ್ಣಿನ ಡಾಕ್ಟರು ವಯಸ್ಸಾದವರು. ನಮ್ಮನ್ನು ಬೆಂಚಿನ ಮೇಲೆ ಕೂರಿಸಿ ತಾಳ್ಮೆಯಿಂದ ಹೇಳಿದರು. ಕಣ್ಣಿನ ಹಿಂಭಾಗದಲ್ಲಿ ಗಡ್ಡೆ ಬೆಳೆದಿದೆ, ಬೆಳ್ಳಗೆ ಹೊಳೆಯುವುದು ಅದೇ. ಕಣ್ಣು ಓರೆಯಾದದ್ದೂ ಅದರಿಂದಲೇ. ಗಡ್ಡೆ ಇನ್ನೂ ಕಣ್ಣಿನ ಒಳಗೇ ಇದ್ದ ಹಾಗೆ ಕಾಣುತ್ತದೆ. ಈಗಲೇ ಆ ಕಣ್ಣನ್ನು ತೆಗೆದರೆ ಮಗು ಉಳಿಯಬಹುದು. ಬಿಟ್ಟರೆ ಅದು ನರ ಹಿಡಿದು ಮಿದುಳಿಗೆ ಹೋಗುತ್ತದೆ.

"ಕಣ್ಣು ತೆಗೆಯೋದು ಅಂದ್ರೆ?" ಎಂದು ಸಣ್ಣಸ್ವಾಮಿ ಕೇಳಿದ.

"ಪೂರ್ತಿ ತೆಗೆಯೋದು. ಆ ಕಣ್ಣಿನಿಂದ ಮಗುವಿಗೆ ಈಗಲೇ ಏನೂ ಕಾಣುತ್ತಿಲ್ಲ. ಕಣ್ಣು ಹೋಗಲಿ, ಜೀವ ಇರಲಿ."

ಒಬ್ಬ ಗುಮಾಸ್ತ ಒಪ್ಪಿಗೆಯ ಕಾಗದ ತಂದ. ಸಣ್ಣಸ್ವಾಮಿಗೆ ಸಹಿ ಬಾರದು. ಗುಮಾಸ್ತ ಅವನ ಎಡ ಹೆಬ್ಬೆಟ್ಟಿಗೆ ಮಸಿ ಬಳಿದು ಕಾಗದವನ್ನು ಮುಂದಕ್ಕೆ ಸರಿಸಿದ. ಹೆಬ್ಬೆಟ್ಟು ಕಾಗದದ ಹತ್ತಿರಕ್ಕೆ ಬಂತು, ಅಲ್ಲೇ ನಿಂತಿತು.

"ಒತ್ತಪ್ಪಯ್ಯ" ಎಂದಳು ಚಲುವಮ್ಮ.

"ಕಣ್ಣು ಕೀಳಿ ಅಂತ ನನ್ನ ಕೈಯಾರೆ ಹೆಂಗವ್ವ ಒತ್ತಲಿ? ನನ್ನ ಕಣ್ಣು ತಕ್ಕೊಳ್ಳಿ ಸ್ವಾಮಿ. ಎರಡೂ ತಕ್ಕೊಳ್ಳಿ. ಮುದುಕ ನಾನು, ನಂಗ್ಯಾಕೆ ಬೇಕು?"

ಡಾಕ್ಟರು ಮುಖ ಆಚೆ ತಿರುಗಿಸಿದರು. ಚಲುವಮ್ಮ ತನ್ನ ಹೆಬ್ಬೆಟ್ಟನ್ನು ಮುಂದೆ ಚಾಚಿ "ನಾನು ಒತ್ತತೀನಿ, ನಾನು ಹೆತ್ತೋಳು" ಎಂದಳು. ಸಣ್ಣಸ್ವಾಮಿ ಆ ಕೈಯನ್ನು ಹಿಡಿದುಕೊಂಡ. ಜಬರದಸ್ತಿನಿಂದ ಅಲ್ಲ, ನೀರಿಗೆ ಬಿದ್ದವನು ಬಳ್ಳಿ ಹಿಡಿದಂತೆ ಹಿಡಿದ. "ಒಂದ್ಸಲ ಮನೆದೇವ್ರನ್ನ ಕೇಳ್ಕೊಂಡು ಬರಾಣ ಕಣವ್ವ. ಒಂದೇ ಒಂದ್ಸಲ" ಎಂದ. ಅಪ್ಪನ ಕಣ್ಣಲ್ಲಿ ನೀರು ನೋಡಿ ಅವಳ ಕೈ ಕೆಳಗಿಳಿಯಿತು. ನಾನು ಆಸ್ಪತ್ರೆಯ ಪಡಸಾಲೆಯಲ್ಲಿ ನಿಂತು ಬಾಯಿಗೆ ಬಂದದ್ದೆಲ್ಲ ಬೈದೆ. ಬೈದು ಏನು ಬಂತು? ಮಗು ನನ್ನದಲ್ಲ, ಹೆಬ್ಬೆಟ್ಟೂ ನನ್ನದಲ್ಲ. ಹೆಬ್ಬೆಟ್ಟಿನ ಮಸಿ ಒರೆಸಿಕೊಳ್ಳದೆಯೇ ಅವನು ಬಸ್ಸು ಹತ್ತಿದ. ದಾರಿಯುದ್ದಕ್ಕೂ ಆ ಬೆರಳನ್ನು ಮಗುವಿಗೆ ತಾಗದಂತೆ ದೂರ ಹಿಡಿದು ಕೂತಿದ್ದ.

ಸಂತೆಗೆ ಸುದ್ದಿ ಮುಟ್ಟಲು ಎಷ್ಟು ಹೊತ್ತು? ಮಾರನೆಯ ಶನಿವಾರ ಹಲಸಿನ ಮರದ ಕೆಳಗೆ ಜನವೋ ಜನ. "ಲಕ್ಷ್ಮಿ ಕುಂತಿರೋ ಕಣ್ಣನ್ನ ಕೀಳ್ಸಿದ್ರೆ ನಿನ್ನ ಮನೆಗೂ ಕೇಡು, ಸಂತೆಗೂ ಕೇಡು ಕಣಣ್ಣ" ಎಂದಳು ಕಾಮಾಕ್ಷಮ್ಮ. "ಒಕ್ಕಣ್ಣಿ ಹೆಣ್ಣು ಮಗೀನ ಯಾರು ಮದುವೆ ಆಗ್ತಾರೆ?" ಎಂದ ಇನ್ನೊಬ್ಬ. ಮೂರು ತುಂಬದ ಮಗುವಿಗೆ ಮದುವೆಯ ಚಿಂತೆ! ಅವರೆಲ್ಲ ಸೇರಿ ದೇವಿಗೆ ಬೆಳ್ಳಿಯ ಕಣ್ಣು ಮಾಡಿಸಿ ಒಪ್ಪಿಸುವುದೆಂದು ಹರಕೆ ಹೊತ್ತರು. ಒಪ್ಪಿಸಿದರು ಕೂಡ. ಅವರ ಮನಸ್ಸಿನಲ್ಲಿ ಮಗುವಿನ ಮೇಲೆ ಪ್ರೀತಿ ಇರಲಿಲ್ಲ ಎಂದು ನಾನು ಹೇಳಲಾರೆ. ಇತ್ತು. ಅದಕ್ಕೇ ಅವರ ಮಾತನ್ನು ತಳ್ಳಿಹಾಕುವುದು ಸಣ್ಣಸ್ವಾಮಿಗೆ ಇನ್ನೂ ಕಷ್ಟವಾಯಿತು.

ಮನೆದೇವರ ಹತ್ತಿರ ಹೂ ಕೇಳಿದರು. ಬಲಕ್ಕೆ ಬಿದ್ದರೆ ಕಣ್ಣು ತೆಗೆಸುವುದು, ಎಡಕ್ಕೆ ಬಿದ್ದರೆ ಬೇಡ. ಸಣ್ಣಸ್ವಾಮಿ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಬೆಳಗಿನಿಂದ ಹೊತ್ತು ಇಳಿಯುವವರೆಗೆ ನಿಂತ. ದೇವರ ತಲೆಯ ಮೇಲಿನ ಹೂ ಬಲಕ್ಕೂ ಬೀಳಲಿಲ್ಲ, ಎಡಕ್ಕೂ ಬೀಳಲಿಲ್ಲ. ಇನ್ನೊಂದು ವಾರ ಬಿಟ್ಟು ಬನ್ನಿ ಎಂದರು ಪೂಜಾರರು. ಇನ್ನೊಂದು ವಾರ ಹೋದ, ಆಗಲೂ ಬೀಳಲಿಲ್ಲ. ಅಷ್ಟರಲ್ಲಿ ಮಳೆ ಹಿಡಿಯಿತು, ಹೊಳೆ ತುಂಬಿತು, ದೇವಸ್ಥಾನದ ದಾರಿ ಮುಚ್ಚಿತು. "ಇನ್ನು ಯಾರನ್ನ ಕೇಳಲಿ ಕೃಷ್ಣಪ್ಪ?" ಎಂದು ನನ್ನನ್ನೇ ಕೇಳಿದ. "ನಿನ್ನ ಮಗಳನ್ನ ಕೇಳು" ಎಂದೆ.

ಚಲುವಮ್ಮ ಒಂದು ಬೆಳಗ್ಗೆ ಯಾರಿಗೂ ಹೇಳದೆ ಮಗುವನ್ನು ಸೀರೆಯ ಸೆರಗಿನಲ್ಲಿ ಕಟ್ಟಿಕೊಂಡು ಬಸ್ಸಿನ ಹತ್ತಿರ ಬಂದಿದ್ದಳು. ಮಳೆಗೆ ರಸ್ತೆ ಕುಸಿದು ಬಸ್ಸು ನಿಂತಿತ್ತು. ನೆನೆದುಕೊಂಡು ನನ್ನ ಜಗಲಿಗೆ ಬಂದು ಕುಳಿತಳು. "ನಡಕೊಂಡೇ ಹೋಗ್ತೀನಿ" ಎಂದಳು. ಹೊಳೆ ದಾಟುವುದು ಹೇಗೆ? ಮಗುವಿಗೆ ಕೆಮ್ಮು ಬೇರೆ. ನನ್ನ ಹೆಂಡತಿ ಅವಳ ತಲೆ ಒರೆಸಿ, ಬಿಸಿ ಗಂಜಿ ಕೊಟ್ಟು, ಮನೆಗೆ ಕರೆದುಕೊಂಡು ಹೋಗಿ ಬಿಟ್ಟು ಬಂದಳು. ಆ ಹೆಣ್ಣು ಮಗಳ ಮುಖ ನೆನೆದರೆ ಈಗಲೂ ನನಗೆ ಅನ್ನ ಇಳಿಯುವುದಿಲ್ಲ.

ಮಳೆ ಬಿಡುವ ಹೊತ್ತಿಗೆ ಕಣ್ಣು ಕೆಂಪಾಗಿತ್ತು. ದೃಷ್ಟಿ ತಾಗಿದೆ ಎಂದು ಉಪ್ಪು ಮೆಣಸಿನಕಾಯಿ ನಿವಾಳಿಸಿದರು. ಎದೆಹಾಲು ಬಿಟ್ಟರು, ನಂದಿಬಟ್ಟಲು ಹೂವಿನ ರಸ ಬಿಟ್ಟರು. ಮಗು ಕೈಯಿಂದ ತಲೆಯನ್ನು ಗುದ್ದಿಕೊಂಡು ಅಳುವುದು, ಅತ್ತು ಅತ್ತು ವಾಂತಿ ಮಾಡುವುದು. ಗೌರಿ ಹಬ್ಬ ಬರುವಷ್ಟರಲ್ಲಿ ಎಡಗಣ್ಣು ಗೂಡಿನಿಂದ ಮುಂದಕ್ಕೆ ಬಂತು, ರೆಪ್ಪೆ ಮುಚ್ಚಲಾಗದ ಹಾಗಾಯಿತು. ಈಗ ಬೋಣಿಯ ಕಾಸು ಹಿಡಿದು "ಚಿನ್ನಾ" ಎಂದು ಕೂಗುವವರು ಯಾರೂ ಇರಲಿಲ್ಲ. ಲಕ್ಷ್ಮಿಯ ಮಾತೂ ನಿಂತಿತು. ಸಣ್ಣಸ್ವಾಮಿ ಯಾವ ದೇವರನ್ನೂ ಕೇಳದೆ, ಎಲೆಬುಟ್ಟಿಯನ್ನು ಹಾಗೇ ಬಿಟ್ಟು, ಮಗಳನ್ನೂ ಮಗುವನ್ನೂ ಕರೆದುಕೊಂಡು ಬಂದು "ನಡಿ ಕೃಷ್ಣಪ್ಪ, ಮೈಸೂರಿಗೆ" ಎಂದ.

ಅದೇ ಡಾಕ್ಟರು. ಅವರು ಮಗುವನ್ನು ಗುರುತು ಹಿಡಿದರು. ಸಣ್ಣಸ್ವಾಮಿ ಗುಮಾಸ್ತ ಬರುವ ಮೊದಲೇ ಮೇಜಿನ ಮೇಲಿದ್ದ ಮಸಿಯ ಬಟ್ಟಲಿಗೆ ತಾನೇ ಹೆಬ್ಬೆಟ್ಟು ಅದ್ದಿ, "ಎಲ್ಲಿ ಒತ್ತಬೇಕು ಸ್ವಾಮಿ, ತೋರ್ಸಿ" ಎಂದ. ಎಲ್ಲಿ ತೋರಿಸಿದರೂ ಒತ್ತಿದ, ತೋರಿಸದ ಕಡೆಯೂ ಒತ್ತಿದ. ಆಪರೇಷನ್ ಆಯಿತು. ಹೊರಗೆ ಬಂದ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದರು. "ಕಣ್ಣು ತೆಗೆದಿದ್ದೇವೆ, ನೋವು ಕಮ್ಮಿ ಆಗುತ್ತದೆ. ಗಡ್ಡೆಯ ಬೇರು ಹಿಂದಕ್ಕೆ ಹೋಗಿದೆ. ಆವತ್ತೇ ಆಗಿದ್ದರೆ" ಎಂದವರು ಮಾತು ಮುಗಿಸಲಿಲ್ಲ. ಸಣ್ಣಸ್ವಾಮಿ ನನ್ನ ಬೆನ್ನ ಹಿಂದೆಯೇ ನಿಂತಿದ್ದಾನೆಂದು ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಮುಚ್ಚುಮರೆ ಏಕೆ, ಇಲ್ಲೇ ಹೇಳಿಬಿಡುತ್ತೇನೆ. ಚಿನ್ನ ಮುಂದಿನ ಯುಗಾದಿಯನ್ನು ಕಾಣಲಿಲ್ಲ. ಸಣ್ಣಸ್ವಾಮಿ ಮಾತ್ರ ಬಹಳ ವರ್ಷ ಬದುಕಿದ. ಅದೇ ಹಲಸಿನ ಮರದ ಕೆಳಗೆ ಎಲೆ ಮಾರಿದ. ಎಲೆಯ ಜೊತೆ ಮಾತಾಡುವುದನ್ನು ಬಿಟ್ಟ. ಬೋಣಿಯ ಕಾಸನ್ನು ಎಲ್ಲರೂ ಕಣ್ಣಿಗೊತ್ತಿಕೊಳ್ಳುವಾಗ ಅವನೊಬ್ಬ ಅದನ್ನು ನೋಡದೆಯೇ ಗೋಣಿಯ ಕೆಳಗೆ ಸರಿಸಿಬಿಡುತ್ತಿದ್ದ. ಹೊಸಬರು ಇದೇನು ದುರಹಂಕಾರ ಎನ್ನುತ್ತಿದ್ದರು.

ಅದೆಲ್ಲ ಆಮೇಲಿನ ಮಾತು. ನನಗೆ ಕಣ್ಣಿಗೆ ಕಟ್ಟಿದ ಹಾಗೆ ಉಳಿದದ್ದು ಮೈಸೂರಿನಿಂದ ವಾಪಸು ಬಂದ ಮೇಲಿನ ಮೊದಲ ಶನಿವಾರ.

ಮಗುವಿನ ನೋವು ಕಮ್ಮಿಯಾಗಿತ್ತು. ಎಷ್ಟೋ ದಿನಗಳ ಮೇಲೆ ಹೊಟ್ಟೆ ತುಂಬ ಉಂಡಿತ್ತು, ನಕ್ಕಿತ್ತು. ಕಣ್ಣಿನ ಗೂಡಿಗೆ ಹತ್ತಿಯಿಟ್ಟು ಕಟ್ಟಲೆಂದು ನಾನೇ ಮೆತ್ತಗಿನ ಮಲ್ಲು ಬಟ್ಟೆಯಲ್ಲಿ ಒಂದು ಪಟ್ಟಿ ಹೊಲಿದು ಕೊಟ್ಟಿದ್ದೆ, ಹಿಂದೆ ಗಂಟು ಹಾಕಲು ಎರಡು ಲಾಡಿ. "ತಾತ, ಸಂತೆಗೆ" ಎಂದು ಹಟ ಮಾಡಿದ್ದಕ್ಕೆ ಸಣ್ಣಸ್ವಾಮಿ ಕರೆತಂದು ಹಳೆಯ ಜಾಗದಲ್ಲೇ ಗೋಣಿಯ ಮೇಲೆ ಕೂರಿಸಿದ. ಚಲುವಮ್ಮ ಬರಲಿಲ್ಲ.

ಸಂತೆ ನೆರೆಯಿತು. ಒಬ್ಬೊಬ್ಬರಿಗೇ ಬೋಣಿ ಆಗತೊಡಗಿತು. ಮಗು ಕತ್ತು ಉದ್ದ ಮಾಡಿ ಅತ್ತ ನೋಡುವುದು, ಇತ್ತ ನೋಡುವುದು, ತನ್ನನ್ನು ಕರೆಯಲಿ ಎಂದು ಕಾಯುವುದು. ಒಕ್ಕಣ್ಣಿನ ಮುಖ ಬೆಳಗ್ಗೆ ಕಂಡರೆ ಅಪಶಕುನ ಎಂಬುದು ಅದಕ್ಕೇನು ಗೊತ್ತು? ಯಾರೂ ಕರೆಯದಿದ್ದಾಗ ತಾನೇ ಇಳಿದು ಹೊರಟಿತು.

ಮೊದಲು ಹೋದದ್ದು ಕಾಮಾಕ್ಷಮ್ಮನ ಮುಂದೆ. ನಿಂತಿತು. ಇರುವ ಒಂದು ಕಣ್ಣನ್ನು ಗಟ್ಟಿಯಾಗಿ ಮುಚ್ಚಿತು, ತುಟಿ ಮುಂದೆ ಮಾಡಿತು, ಮುಖ ಮೇಲೆತ್ತಿತು. ಕಾಮಾಕ್ಷಮ್ಮ ಕೈಯಲ್ಲಿ ಬೋಣಿಯ ಕಾಸು ಹಿಡಿದವಳು ಸೆರಗನ್ನು ಮುಖಕ್ಕೆ ಎಳೆದುಕೊಂಡು ಬೆಲ್ಲದ ಕಡೆಗೆ ತಿರುಗಿ ಕುಳಿತಳು. ಮಗು ಕಣ್ಣು ಮುಚ್ಚಿದ್ದರಿಂದ ಅದನ್ನು ಕಾಣಲಿಲ್ಲ. ಎಷ್ಟೋ ಹೊತ್ತು ಕಾದು, ಕಣ್ಣು ಬಿಟ್ಟು, ಮೊಯ್ದುವಿನ ಮುಂದೆ ಹೋಗಿ ಹಾಗೆಯೇ ನಿಂತಿತು. ಮೊಯ್ದು ಕಾಸನ್ನು ಎತ್ತಿದ. ಅವನ ಕೈ ಅರ್ಧದವರೆಗೆ ಬಂತು. ಸುತ್ತ ಎಲ್ಲರೂ ನೋಡುತ್ತಿದ್ದರು. "ಯಾ ಅಲ್ಲಾ" ಎಂದು ಕೈಯನ್ನು ಹಿಂದಕ್ಕೆ ಎಳೆದುಕೊಂಡು ಮೀನಿನ ಬುಟ್ಟಿಯ ಹಿಂದೆ ಕೂತು ಅತ್ತ. ಅತ್ತರೇನು, ಒತ್ತಲಿಲ್ಲವಲ್ಲ!

ಮಗು ಅಲ್ಲಿಂದ ನನ್ನ ಜಗಲಿಯ ಹತ್ತಿರ ಬಂತು. ಮೆಟ್ಟಿಲ ಕೆಳಗೆ ನಿಂತು ಮುಖ ಮೇಲೆತ್ತಿತು. ನನಗೆ ಅವತ್ತು ಇನ್ನೂ ಬೋಣಿ ಆಗಿರಲಿಲ್ಲ. ಆದರೇನಂತೆ ಎಂದು ಗಲ್ಲಾಪೆಟ್ಟಿಗೆಗೆ ಕೈಹಾಕಿ ಕಾಸು ಹುಡುಕತೊಡಗಿದೆ. ಕಣ್ಣಿಗೆ ನೀರು ತುಂಬಿ ಕಾಸು ಯಾವುದು, ಗುಂಡಿ ಯಾವುದು ಎಂದು ತಿಳಿಯುತ್ತಿರಲಿಲ್ಲ.

ಅಷ್ಟರಲ್ಲಿ ಸಣ್ಣಸ್ವಾಮಿ ಎಲೆಗಳನ್ನು ತುಳಿದುಕೊಂಡೇ ಎದ್ದು ಬಂದ. ಅವನ ಕೈಯಲ್ಲಿಯೂ ಕಾಸಿರಲಿಲ್ಲ, ಅವನ ಹತ್ತಿರ ಆ ಬೆಳಗ್ಗೆ ಯಾವ ಗಿರಾಕಿಯೂ ಬಂದಿರಲಿಲ್ಲ. ಮಗುವಿನ ಮುಂದೆ ಮಣ್ಣಿನಲ್ಲೇ ಮಂಡಿಯೂರಿದ. ಎಡಗೈ ಚಾಚಿ, ಹೆಬ್ಬೆಟ್ಟನ್ನು ಅದರ ಮುಚ್ಚಿದ ರೆಪ್ಪೆಯ ಮೇಲೆ ಮೆಲ್ಲಗೆ ಒತ್ತಿದ.

ಮಗು ನಗಲೆಂದು ಬಾಯಿ ತೆರೆಯ ಹೊರಟದ್ದು ಹಾಗೇ ನಿಂತಿತು. ಕಣ್ಣು ಬಿಡದೆಯೇ ಎರಡೂ ಕೈಯಿಂದ ಅವನ ಬೆರಳನ್ನು ಹಿಡಿದು ತಡವಿ ನೋಡಿತು.

"ತಣ್ಣಗಿಲ್ಲ" ಎಂದಿತು. "ಇದು ಕಾಸಲ್ಲ ತಾತ. ನಿನ್ನ ಹೆಬ್ಬೆಟ್ಟು."